ಒಬ್ಬರಿಗೆ ಟಾಫಿ, ಇನ್ನೊಬ್ಬರಿಗೆ ಬೆಣ್ಣೆ: ಒಂದೇ ಬಿಟರ್‌ಗೆ ಎರಡು ತೀರ್ಪು

ಸಂಪಿಗೆ_ಲೀಡ್ಸ್

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮಾಡಿದ ಬೆಸ್ಟ್ ಬಿಟರ್ (ಬ್ರಿಟನ್‌ನ ಪಬ್‌ಗಳಲ್ಲಿ ಕುಡಿಯುವ, ಹಾಪ್ಸ್ ಕಹಿಯ ಬಿಯರ್) ಅನ್ನು ಇಲ್ಲಿನ ಒಂದು ಹೋಮ್‌ಬ್ರೂ ಸ್ಪರ್ಧೆಗೆ ಕಳಿಸಿದ್ದೆ. ಅಂಕಪಟ್ಟಿ ಬಂದಿದೆ. ಓದಿದಷ್ಟೂ ಗೊಂದಲ ಜಾಸ್ತಿಯಾಗುತ್ತಿದೆ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ಬಿಯರ್ ವಿವರ. ಮ್ಯಾರಿಸ್ ಆಟರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 90%, ಮಧ್ಯಮ ಬಣ್ಣದ ಕ್ರಿಸ್ಟಲ್ ಮಾಲ್ಟ್ 6%, ಉಳಿದದ್ದು ಅರಳಿಸಿದ ಗೋಧಿ. ಕಹಿಗೆ ಫಗಲ್ ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂ), ಕುದಿಯ ಕೊನೆಗೆ ಘಮಕ್ಕೆ ಈಸ್ಟ್ ಕೆಂಟ್ ಗೋಲ್ಡಿಂಗ್ಸ್. ಲೆಕ್ಕದ ಪ್ರಕಾರ ಕಹಿಯ ಅಳತೆ 32 ಐಬಿಯು. ಗ್ರಾವಿಟಿ (ಸಕ್ಕರೆ ಎಷ್ಟಿದೆ ಅಂತ ತೋರಿಸುವ ಸಾಂದ್ರತೆ) ಶುರುವಿನಲ್ಲಿ 1.042, ಕೊನೆಯಲ್ಲಿ 1.011. ಅಂದರೆ ಸುಮಾರು 4.1% ಆಲ್ಕೋಹಾಲ್. ಯೀಸ್ಟ್ ಲಂಡನ್ ಜಾತಿಯದು, ಬೇಗ ತಳಕ್ಕೆ ಕೂರುವಂಥದ್ದು. 19 ಡಿಗ್ರಿಯಲ್ಲಿ ಹುದುಗಿಸಿದೆ. ವಾರದೊಳಗೇ ತಿಳಿಯಾಯಿತು, ಬಾಟಲಿಗೆ ತುಂಬಿದೆ.

ಈಗ ಅಂಕ. ಒಟ್ಟು 50ಕ್ಕೆ.

ಮೊದಲ ಜಡ್ಜ್: ವಾಸನೆ 6, ನೋಟ 3, ರುಚಿ 11, ಬಾಯಲ್ಲಿ ಕೂರುವ ರೀತಿ 3, ಒಟ್ಟಾರೆ 5. ಸೇರಿ 28. ಟಿಪ್ಪಣಿ: ಡಯಾಸಿಟೈಲ್ ಸ್ಪಷ್ಟವಾಗಿದೆ, ಬೆಣ್ಣೆ ವಾಸನೆ ಹಾಪ್ಸ್ ಅನ್ನು ಮುಚ್ಚುತ್ತಿದೆ, ಕೊನೆ (ನುಂಗಿದ ಮೇಲಿನ ರುಚಿ) ಸಿಹಿಯಾಗಿ ಉಳಿಯುತ್ತದೆ.

ಎರಡನೇ ಜಡ್ಜ್: 8, 3, 13, 3, 6. ಸೇರಿ 33. ಟಿಪ್ಪಣಿ: ಕ್ರಿಸ್ಟಲ್ ಮಾಲ್ಟ್‌ನ ಟಾಫಿ ಚೆನ್ನಾಗಿ ಬಂದಿದೆ, ಹಿಂದೆ ತುಸು ಕಿತ್ತಳೆ ಮಾರ್ಮಲೇಡ್, ಕೊನೆ ಇನ್ನಷ್ಟು ಒಣಗಬೇಕಿತ್ತು.

ಇಬ್ಬರೂ ಒಂದೇ ಟೇಬಲ್. ಒಂದೇ ಬಾಟಲಿ. ಒಬ್ಬರಿಗೆ ದೋಷ ಅನಿಸಿದ್ದು ಇನ್ನೊಬ್ಬರಿಗೆ ಗುಣ ಹೇಗಾಯಿತು? ನಾನು ಮುಂದಿನ ಸಲ ಏನು ಬದಲಾಯಿಸಬೇಕು?

ಕುಂದಾಪ್ರದ_ಮಾಣಿ

33 ಕೊಟ್ಟವರು ಯಾರು ಅಂತ ತಿಳ್ಕೊಳ್ಳಿ ಮಾರಾಯ್ರೆ. ಮುಂದಿನ ಸಲ ಅವರಿಗೇ ನೇರ ಕಳಿಸಿ.

ಅಂಕದ_ಮೇಷ್ಟ್ರು

ಸಂಪಿಗೆಯವರೇ, ನಾನು ಆರೆಗಾನ್‌ನಲ್ಲಿದ್ದೇನೆ, ಬಿಡುವಿದ್ದಾಗ ಇಲ್ಲಿನ ಸ್ಪರ್ಧೆಗಳಲ್ಲಿ ಜಡ್ಜ್ ಆಗಿ ಕೂರುತ್ತೇನೆ. ಪಟ್ಟಿ ನೋಡಿದರೆ ಅದು ಬಿಜೆಸಿಪಿ (ಬಿಯರ್ ಜಡ್ಜ್‌ಗಳಿಗೆ ಪರೀಕ್ಷೆ ನಡೆಸುವ ಅಮೆರಿಕದ ಸಂಸ್ಥೆ) ಮಾದರಿಯದು. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ರೀತಿಗೆ 5, ಒಟ್ಟಾರೆಗೆ 10. ಇದರಲ್ಲಿ 21ರಿಂದ 29 ಅಂದರೆ ‘ಚೆನ್ನಾಗಿದೆ’, 30ರಿಂದ 37 ‘ಬಹಳ ಚೆನ್ನಾಗಿದೆ’. 45 ದಾಟುವುದು ಅಪರೂಪ. ನಮ್ಮ ಪರೀಕ್ಷೆಗಳ ಅಭ್ಯಾಸದಲ್ಲಿ 28 ಅಂದರೆ ಸೆಕೆಂಡ್ ಕ್ಲಾಸ್ ಅನಿಸುತ್ತದೆ, ಇಲ್ಲಿ ಹಾಗಲ್ಲ. ನಿಮ್ಮ ಸರಾಸರಿ 30.5. ಬೇಜಾರು ಮಾಡಿಕೊಳ್ಳುವ ಅಂಕವೇ ಅಲ್ಲ. ಇಬ್ಬರು ಜಡ್ಜ್‌ಗಳ ನಡುವೆ ಐದು ಅಂಕದ ವ್ಯತ್ಯಾಸವೂ ಮಾಮೂಲಿ.

ಶೈಲಿಯ ಲೆಕ್ಕ ಹೇಳುತ್ತೇನೆ. ಬ್ರಿಟಿಷ್ ಬಿಟರ್ ಗುಂಪಿನಲ್ಲಿ ಮೂರು ಮೆಟ್ಟಿಲು. ಆರ್ಡಿನರಿ ಬಿಟರ್ 3.2ರಿಂದ 3.8%. ಬೆಸ್ಟ್ ಬಿಟರ್ 3.8ರಿಂದ 4.6%. ಸ್ಟ್ರಾಂಗ್ ಬಿಟರ್ 4.6ರಿಂದ 6.2%. ಬೆಸ್ಟ್‌ಗೆ ಕಹಿ 25ರಿಂದ 40 ಐಬಿಯು. ನಿಮ್ಮದು ಎಲ್ಲ ಅಳತೆಯಲ್ಲೂ ನಡುಮಧ್ಯೆ ಇದೆ. ಹಾಗಾಗಿ ಇಬ್ಬರಲ್ಲಿ ಯಾರೂ ‘ಶೈಲಿಗೆ ಹೊರಗೆ’ ಅಂದಿಲ್ಲ, ನೋಡಿ.

ಡಯಾಸಿಟೈಲ್ ವಿಷಯಕ್ಕೆ ಬಂದರೆ, ಬಿಟರ್‌ನಲ್ಲಿ ಅದು ತೀರಾ ಕಡಿಮೆ ಇದ್ದರೆ ಮಾಫಿ ಉಂಟು. ಹೆಚ್ಚಿನ ಲಾಗರ್‌ಗಳಲ್ಲಿ (ನಮ್ಮ ಕಡೆ ಮಾಮೂಲಾಗಿ ಸಿಗುವ ತಿಳಿ ಬಿಯರ್) ಇಲ್ಲ. ಎಲ್ಲಿಯವರೆಗೆ ‘ತೀರಾ ಕಡಿಮೆ’ ಅನ್ನುವುದೇ ಜಗಳ. ಅದು ಮೂಗಿನ ಮೇಲೆ ನಿಂತಿದೆ. ಒಂದು ಲೀಟರ್‌ನಲ್ಲಿ 0.1 ಮಿಲಿಗ್ರಾಂ ಇದ್ದರೂ ಹಿಡಿಯುವವರಿದ್ದಾರೆ. ಅದರ ಎಷ್ಟೋ ಪಟ್ಟು ಇದ್ದರೂ ‘ಏನಿದೆ?’ ಅನ್ನುವವರೂ ಇದ್ದಾರೆ. ಜಡ್ಜ್‌ಗಳಲ್ಲೇ ಇದ್ದಾರೆ.

ಇನ್ನೊಂದು. ನಿಮ್ಮ ಬಿಟರ್‌ಗೆ ಮುಂಚೆ ಆ ಟೇಬಲ್‌ಗೆ ಯಾವ ಬಿಯರ್ ಬಂದಿತ್ತು? ಹಾಪ್ಸ್ ಜೋರಾಗಿರುವ ಐಪಿಎ ಕುಡಿದ ನಾಲಗೆಗೆ ಬಿಟರ್ ಕೊಟ್ಟರೆ ಪಾಪ, ಸಪ್ಪೆ ನೀರು.

ಕಾವೇರಿ_ಟು_ಥೇಮ್ಸ್

ಕ್ಷಮಿಸಿ, ನಡುವೆ ಬಾಯಿ ಹಾಕುತ್ತಿದ್ದೇನೆ. ಲಂಡನ್‌ಗೆ ಬಂದ ಹೊಸದರಲ್ಲಿ ಆಫೀಸಿನವರು ಪಬ್‌ಗೆ ಕರೆದುಕೊಂಡು ಹೋಗಿ ಬಿಟರ್ ಕೊಡಿಸಿದರು. ಬೆಚ್ಚಗಿತ್ತು, ಗ್ಯಾಸ್ ಇರಲಿಲ್ಲ. ನೊರೆಯೂ ಅಷ್ಟಕ್ಕಷ್ಟೇ. ಬೆಂಗಳೂರಲ್ಲಿ ಇಂಥದ್ದು ಕೊಟ್ಟರೆ ವಾಪಸ್ ಕಳಿಸುತ್ತೇವೆ. ಅಂಥ ಬಿಯರ್‌ಗೆ ಇಷ್ಟೆಲ್ಲ ಅಂಕ, ಲೆಕ್ಕ! ನಿಜವಾಗಿ ಕೇಳುತ್ತಿದ್ದೇನೆ, ಅದರಲ್ಲಿ ಏನು ನೋಡಬೇಕು?

ಕೀತ್ಲಿ_ಡಾಕ್ಟ್ರು

ತಮ್ಮಾ, ಬೆಚ್ಚಗಿತ್ತು ಅಂದರೆ ಎಷ್ಟು? 11ರಿಂದ 13 ಡಿಗ್ರಿ ಇರಬೇಕು. ನೆಲಮಾಳಿಗೆಯ ತಂಪು. ಫ್ರಿಜ್‌ನ 4 ಡಿಗ್ರಿಗೆ ಒಗ್ಗಿದ ಬಾಯಿಗೆ ಅದು ಬೆಚ್ಚಗೆ ಅನಿಸುತ್ತದೆ. ಆದರೆ ಅಷ್ಟು ತಣ್ಣಗೆ ಮಾಡಿದರೆ ಬಿಟರ್‌ನ ಮಾಲ್ಟ್ ಪೂರ್ತಿ ಸತ್ತು ಹೋಗುತ್ತದೆ, ಬರೀ ಕಹಿ ಉಳಿಯುತ್ತದೆ. ನಿನಗೆ ಕೊಟ್ಟದ್ದು 18 ಡಿಗ್ರಿ ಇದ್ದರೆ ಅದು ಪಬ್‌ನವರ ತಪ್ಪು, ಬಿಯರ್‌ದಲ್ಲ. ಬೇಸಿಗೆಯಲ್ಲಿ ಲಂಡನ್‌ನಲ್ಲಿ ಅದೂ ಆಗುತ್ತದೆ.

ಗ್ಯಾಸ್ ವಿಷಯ. ಪಬ್‌ನಲ್ಲಿ ಕೊಡುವ ಬಿಟರ್ ಕ್ಯಾಸ್ಕ್‌ನಿಂದ ಬರುತ್ತದೆ. ಫರ್ಕಿನ್ ಅಂತ ಪೀಪಾಯಿ, 9 ಗ್ಯಾಲನ್, ಸುಮಾರು 41 ಲೀಟರ್, 72 ಪಿಂಟ್ ಹಿಡಿಯುತ್ತದೆ. ಬ್ರೂವರಿಯಿಂದ ಯೀಸ್ಟ್ ಸಮೇತ ಹೊರಡುತ್ತದೆ. ಪಬ್‌ನ ನೆಲಮಾಳಿಗೆಯಲ್ಲಿ ಹುದುಗು ಇನ್ನೂ ಸ್ವಲ್ಪ ನಡೆಯುತ್ತಿರುತ್ತದೆ. ಅಲ್ಲಿ ಅದನ್ನು ಮಲಗಿಸಿ, ಮೇಲಿನ ತೂತಿಗೆ ಮೆದು ಮರದ ಸ್ಪೈಲ್ ಬಡಿದು, ಹೆಚ್ಚಿನ ಗ್ಯಾಸ್ ಹೊರಗೆ ಹೋಗಲು ಬಿಡುತ್ತಾರೆ. ಬೇಕಾದಷ್ಟು ಹೋದ ಮೇಲೆ ಗಟ್ಟಿ ಸ್ಪೈಲ್ ಹಾಕಿ ಮುಚ್ಚುತ್ತಾರೆ. ಉಳಿಯುವ ಗ್ಯಾಸ್ ನಿನ್ನ ಲಾಗರ್‌ನ ಅರ್ಧದಷ್ಟೂ ಇರುವುದಿಲ್ಲ. ಅದು ಬೇಕೆಂದೇ ಮಾಡಿದ್ದು. ಕೈಪಂಪಿನಲ್ಲಿ ಎಳೆದಾಗ ಒಂದೊಂದು ಪಿಂಟ್‌ಗೂ ಅಷ್ಟಷ್ಟು ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ತೆರೆದ ಕ್ಯಾಸ್ಕ್ ಮೂರು ದಿನದಲ್ಲಿ ಮುಗಿಯಬೇಕು. ನಾಲ್ಕನೇ ದಿನ ಹುಳಿ ಶುರು.

ಇನ್ನು ಏನು ನೋಡಬೇಕು ಅಂತ ಕೇಳಿದೆಯಲ್ಲ. ನಾನು ಈ ಊರಿಗೆ ಬಂದಾಗ ನನ್ನ ವಾರ್ಡ್‌ನ ಹಳೆಯ ಸಿಸ್ಟರ್ ಒಬ್ಬರು ಹೇಳಿದ್ದು: ಮೊದಲ ಗುಟುಕಿಗೆ ಏನೂ ಹೇಳಬೇಡ, ಲೋಟದ ತಳ ಕಾಣುವಾಗ ಹೇಳು. ಬಿಟರ್ ಗಲಾಟೆ ಮಾಡುವ ಬಿಯರ್ ಅಲ್ಲ. ಬಿಸ್ಕತ್ತಿನಂಥ ಮಾಲ್ಟ್ ಮೊದಲು ಬರುತ್ತದೆ. ನಡುವೆ ಹಣ್ಣು, ಅದು ಯೀಸ್ಟ್ ಕೊಟ್ಟದ್ದು. ನುಂಗಿದ ಮೇಲೆ ಕಹಿ ನಾಲಗೆಯ ಹಿಂದೆ ನಿಲ್ಲುತ್ತದೆ, ಬಾಯಿ ಒಣಗುತ್ತದೆ. ಒಣಗಿದ್ದಕ್ಕೇ ಇನ್ನೊಂದು ಗುಟುಕು ಬೇಕು ಅನಿಸುತ್ತದೆ. ಈ ಸುತ್ತು ಲೋಟ ಮುಗಿಯುವವರೆಗೆ ನಡೆದರೆ ಒಳ್ಳೆಯ ಬಿಟರ್. ನಡುವೆ ಎಲ್ಲೋ ನಾಲಗೆ ಬೇಸತ್ತರೆ ಅಲ್ಲ. ನನ್ನ ಲೆಕ್ಕ ಇಷ್ಟೇ.

ನಮ್ಮೂರಿನ ಟಿಮೊಥಿ ಟೇಲರ್ ಬ್ರೂವರಿ 1858ರಿಂದ ಇದೆ. ಅವರ ಲ್ಯಾಂಡ್‌ಲಾರ್ಡ್ ಅನ್ನುವ ಬಿಟರ್ ನಾಲ್ಕು ಸಲ ಚಾಂಪಿಯನ್ ಬಿಯರ್ ಆಫ್ ಬ್ರಿಟನ್ ಆಗಿದೆ: 1982, 1983, 1994, 1999. ಒಮ್ಮೆ ಇಲ್ಲಿಗೆ ಬಂದು ಅದನ್ನು ಕುಡಿದು ನೋಡು. ಆಮೇಲೆ ಸಪ್ಪೆ ಅಂದರೆ ಒಪ್ಪಿಕೊಳ್ಳುತ್ತೇನೆ.

ಹುಳಿಮಾವು_ಬ್ರೂವರ್

ಡಾಕ್ಟ್ರು ಬರೆದದ್ದು ಓದಿ ಹೊಟ್ಟೆಕಿಚ್ಚಾಯಿತು. ನಾನು ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ಕೆಲಸ ಮಾಡುತ್ತೇನೆ. ಒಮ್ಮೆ ಬಿಟರ್ ಹಾಕೋಣ ಅಂತ ಓನರ್‌ಗೆ ಹೇಳಿ ನೋಡಿದೆ. ‘ವೀಟ್ ಬಿಯರ್ ಟ್ಯಾಂಕ್ ಖಾಲಿ ಮಾಡಿ ಇದನ್ನು ಹಾಕಬೇಕಾ?’ ಅಂದರು. ಅಲ್ಲಿಗೆ ಮಾತು ಮುಗಿಯಿತು. ಹಾಕಿದ್ದರೂ 4 ಡಿಗ್ರಿಯಲ್ಲಿ, ಪೂರ್ತಿ ಗ್ಯಾಸ್ ಹೊಡೆದು ಕೊಡಬೇಕಿತ್ತು. ಮನೆಯಲ್ಲಿ ಮಾಡೋಣ ಅಂದರೆ ಅಬಕಾರಿ ಕಾನೂನು ಬಿಡುವುದಿಲ್ಲ. ಬ್ರಿಟನ್‌ನಲ್ಲಿ 1963ರಲ್ಲೇ ಮನೆ ಬಿಯರ್‌ಗೆ ಲೈಸೆನ್ಸ್ ತೆಗೆದು ಹಾಕಿದ್ದಾರೆ, ಮಾರಬಾರದು ಅಷ್ಟೇ. ಪುಣ್ಯವಂತರು ನೀವು.

ಸಂಪಿಗೆ ಮೇಡಂ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಟಾಫಿ, ಬೆಣ್ಣೆ ಎರಡೂ ಬೇರೆ ಬೇರೆ ಕಡೆಯಿಂದ ಬರುತ್ತವೆ.

ಟಾಫಿ ಕ್ರಿಸ್ಟಲ್ ಮಾಲ್ಟ್‌ದು. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸದೆ ಹಸಿಯಾಗಿಯೇ ಬಿಸಿ ಮಾಡುತ್ತಾರೆ. ಕಾಳಿನೊಳಗಿನ ಹಿಟ್ಟು ಸಿಪ್ಪೆಯ ಒಳಗೇ ಸಕ್ಕರೆಯಾಗುತ್ತದೆ. ಆಮೇಲೆ ಹುರಿಯುತ್ತಾರೆ. ಒಂದು ಕಾಳು ಕಡಿದು ನೋಡಿ, ಒಳಗೆ ಗಾಜಿನ ಹಾಗೆ ಹೊಳೆಯುತ್ತದೆ. ಅದರ ಸಿಹಿಯಲ್ಲಿ ಸುಟ್ಟ ಸಕ್ಕರೆಯ ಒಂದು ಅಂಚು ಇರುತ್ತದೆ, ರುಚಿಯಲ್ಲಿ ಜಾಸ್ತಿ, ವಾಸನೆಯಲ್ಲಿ ಕಡಿಮೆ.

ಬೆಣ್ಣೆ ಯೀಸ್ಟ್‌ದು. ಹುದುಗುವಾಗ ಯೀಸ್ಟ್ ಒಂದು ಪದಾರ್ಥವನ್ನು ಹೊರಗೆ ಬಿಡುತ್ತದೆ, ಆಲ್ಫಾ ಅಸಿಟೋಲ್ಯಾಕ್ಟೇಟ್ ಅಂತ. ಅದಕ್ಕೆ ವಾಸನೆ ಇಲ್ಲ. ಬಿಯರ್‌ನಲ್ಲಿ ತಾನಾಗೇ ನಿಧಾನಕ್ಕೆ ಡಯಾಸಿಟೈಲ್ ಆಗಿ ಬದಲಾಗುತ್ತದೆ. ಸಿನಿಮಾ ಥಿಯೇಟರ್ ಪಾಪ್‌ಕಾರ್ನ್‌ನ ವಾಸನೆ, ಅದೇ. ಯೀಸ್ಟ್ ಇನ್ನೂ ಚುರುಕಾಗಿದ್ದರೆ ಅದನ್ನು ವಾಪಸ್ ಎಳೆದುಕೊಂಡು ಮುಗಿಸಿ ಬಿಡುತ್ತದೆ. ಆದರೆ ನಿಮ್ಮ ಲಂಡನ್ ಯೀಸ್ಟ್ ಅವಸರದ ಜಾತಿ. ಕೆಲಸ ಪೂರ್ತಿ ಮುಗಿಯುವ ಮುಂಚೆಯೇ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ವಾರದೊಳಗೆ ತಿಳಿಯಾಯಿತು ಅಂತ ನೀವು ಬರೆದದ್ದು ಓದಿದ ಕೂಡಲೇ ನನಗೆ ಅನುಮಾನ ಬಂತು.

ಬಾಯಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ. ಡಯಾಸಿಟೈಲ್ ಜಾಸ್ತಿ ಇದ್ದರೆ ನಾಲಗೆಯ ಮೇಲೆ ಜಿಡ್ಡು ಸವರಿದಂತೆ ಜಾರುತ್ತದೆ. ನಾಲಗೆಯನ್ನು ಅಂಗುಳಕ್ಕೆ ಒತ್ತಿ ಉಜ್ಜಿ ನೋಡಿ. ಟಾಫಿಯಾದರೆ ಅಂಟು, ಬೆಣ್ಣೆಯಾದರೆ ಜಾರು.

ವಾದ ಮಾಡುವ ಬದಲು ಪರೀಕ್ಷೆ ಮಾಡಿ. ಒಂದು ಬಾಟಲಿ ತೆಗೆಯಿರಿ. ಗ್ಯಾಸ್ ಹೋಗುವವರೆಗೆ ಎರಡು ಲೋಟಗಳ ನಡುವೆ ನಿಧಾನಕ್ಕೆ ಸುರಿಯಿರಿ. ಎರಡು ಮುಚ್ಚಳದ ಜಾರ್‌ಗಳಿಗೆ ಸಮ ಹಾಕಿ. ಒಂದನ್ನು 60 ಡಿಗ್ರಿ ನೀರಿನಲ್ಲಿ 20 ನಿಮಿಷ ಇಡಿ. ಆಮೇಲೆ ಎರಡೂ ಒಂದೇ ತಂಪಿಗೆ ಬರಲಿ. ಮುಚ್ಚಳ ತೆಗೆದು ಮೂಸಿ. ಎರಡರಲ್ಲೂ ಬೆಣ್ಣೆ ಇದ್ದರೆ ಡಯಾಸಿಟೈಲ್ ಆಗಲೇ ಇದೆ. ಬಿಸಿ ಮಾಡಿದ್ದರಲ್ಲಿ ಮಾತ್ರ ಇದ್ದರೆ ಮುಂದೆ ಬರಲಿಕ್ಕಿದೆ. ಎರಡರಲ್ಲೂ ಇಲ್ಲ ಅಂದರೆ 28 ಕೊಟ್ಟವರು ಕ್ರಿಸ್ಟಲ್ ಮಾಲ್ಟ್‌ಗೆ ಬೆಣ್ಣೆ ಅಂದಿದ್ದಾರೆ ಅಂತ ಅನುಮಾನಿಸಬಹುದು.

ಸಂಪಿಗೆ_ಲೀಡ್ಸ್

ಇದು ಚೆನ್ನಾಗಿದೆ! ಶನಿವಾರ ಮಾಡುತ್ತೇನೆ. ನಮ್ಮ ಯಜಮಾನರಿಗೆ ಡಯಾಸಿಟೈಲ್ ಅಂದರೇನು ಅಂತಲೇ ಗೊತ್ತಾಗುವುದಿಲ್ಲ, ಅವರಿಗೂ ಮೂಸಲು ಕೊಡುತ್ತೇನೆ.

ಕುಂದಾಪ್ರದ_ಮಾಣಿ

ಮೂಸಿ ಆದ ಮೇಲೆ ಬಾಟಲಿಯಲ್ಲಿ ಉಳಿದದ್ದು ಏನು ಮಾಡ್ತೀರಿ ಅಂತ ಯಾರೂ ಹೇಳಲಿಲ್ಲ.

ಅಂಕದ_ಮೇಷ್ಟ್ರು

ಬ್ರೂವರ್ ಸರ್ ಹೇಳಿದ ಪರೀಕ್ಷೆಗೆ ಒಂದು ಸೇರಿಸುತ್ತೇನೆ. ಯಾವ ಜಾರ್ ಯಾವುದು ಅಂತ ಗೊತ್ತಿದ್ದರೆ ಮೂಗು ಮೋಸ ಮಾಡುತ್ತದೆ. ಮೂರು ಲೋಟ ತಗೊಳ್ಳಿ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಇನ್ನೊಬ್ಬರು ತುಂಬಿ ಜಾಗ ಬದಲಾಯಿಸಲಿ. ‘ಬೇರೆ ಯಾವುದು’ ಅಂತ ಮಾತ್ರ ಹೇಳಬೇಕು. ಸುಮ್ನೆ ಊಹಿಸಿದರೂ ಮೂರಕ್ಕೆ ಒಂದು ಸಲ ಸರಿ ಬರುತ್ತದೆ, ಅದಕ್ಕೇ ಮತ್ತೆ ಮತ್ತೆ ಮಾಡಬೇಕು.

ಮತ್ತೆ, ಡಾಕ್ಟ್ರೇ, ನಿಮ್ಮ ‘ಲೋಟದ ತಳ ಕಾಣುವಾಗ ಹೇಳು’ ನನಗೂ ಇಷ್ಟ. ಆದರೆ ಸ್ಪರ್ಧೆಯ ಟೇಬಲ್‌ನಲ್ಲಿ ಅದು ಆಗದ ಮಾತು. ಒಬ್ಬ ಜಡ್ಜ್‌ಗೆ ಒಂದು ಬಿಯರ್‌ನಲ್ಲಿ ಸಿಗುವುದು ಸಣ್ಣ ಲೋಟದಲ್ಲಿ ನಾಲ್ಕಾರು ಗುಟುಕು. ಒಂದು ಕೂತಿಕೆಯಲ್ಲಿ ಹತ್ತು ಹನ್ನೆರಡು ಬಿಯರ್. ಎಲ್ಲದಕ್ಕೂ ಪಿಂಟ್ ಕುಡಿದರೆ ಮೂರನೆಯದಕ್ಕೆ ಅಂಕ ಕೊಡುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

ಕೀತ್ಲಿ_ಡಾಕ್ಟ್ರು

ಅದೇ ನನ್ನ ತಕರಾರು, ಮೇಷ್ಟ್ರೇ. ನಾಲ್ಕು ಗುಟುಕಿನಲ್ಲಿ ಗೆಲ್ಲುವುದು ದೊಡ್ಡ ದನಿಯ ಬಿಯರ್. ಪಿಂಟ್‌ಗೆ ಅಂತ ಮಾಡಿದ್ದನ್ನು ಗುಟುಕಿನಲ್ಲಿ ಅಳೆದರೆ ಅದು ಸೋಲುತ್ತದೆ. 3.5% ಇರುವ ಒಂದು ಆರ್ಡಿನರಿ ಬಿಟರ್‌ನಲ್ಲಿ ರುಚಿ ತರುವುದು 7% ಐಪಿಎಗಿಂತ ಕಷ್ಟದ ಕೆಲಸ. ಬಚ್ಚಿಡಲು ಜಾಗವೇ ಇಲ್ಲ. ಆದರೂ ಪದಕದ ಟೇಬಲ್‌ನಲ್ಲಿ ಅದು ಪಕ್ಕಕ್ಕೆ ಹೋಗುತ್ತದೆ.

ಕ್ಯಾಮ್ರಾ ಅಂತ ಬ್ರಿಟನ್‌ನಲ್ಲಿ ಬಿಯರ್ ಕುಡಿಯುವವರ ಸಂಘ ಇದೆ, 1971ರಲ್ಲಿ ಶುರುವಾದದ್ದೇ ಕ್ಯಾಸ್ಕ್ ಬಿಯರ್ ಉಳಿಸಲು. ಆಗ ದೊಡ್ಡ ಬ್ರೂವರಿಗಳೆಲ್ಲ ಯೀಸ್ಟ್ ತೆಗೆದು, ಗ್ಯಾಸ್ ಹೊಡೆದ ಕೆಗ್ ಬಿಯರ್ ಕಡೆ ತಿರುಗಿದ್ದವು. ಇವರು ಪಬ್‌ನಲ್ಲಿ ಕುಡಿಯುವ ಪಿಂಟ್‌ಗೇ ಅಂಕ ಕೊಡುತ್ತಾರೆ, 5ಕ್ಕೆ. ಸದಸ್ಯ ಯಾರು ಬೇಕಾದರೂ ಕೊಡಬಹುದು. ಅಲ್ಲಿ ಕೇಳುವುದು ‘ಶೈಲಿಗೆ ಸರಿಯಾಗಿದೆಯಾ’ ಅಂತಲ್ಲ. ಈ ಪಬ್‌ನವನು ಈ ಕ್ಯಾಸ್ಕ್ ಅನ್ನು ಚೆನ್ನಾಗಿ ನೋಡಿಕೊಂಡಿದ್ದಾನಾ ಅಂತ. ಒಂದೇ ಬಿಯರ್‌ಗೆ ಒಂದು ಪಬ್‌ನಲ್ಲಿ 4, ಎದುರಿನ ಪಬ್‌ನಲ್ಲಿ 2 ಬೀಳಬಹುದು.

ಅಂಕದ_ಮೇಷ್ಟ್ರು

ಒಪ್ಪಿದೆ, ಅರ್ಧ. ಮನೆಯಲ್ಲಿ ಬಿಯರ್ ಮಾಡುವವರಿಗೆ ಪಬ್‌ನ ಅಂಕ ಏನೂ ಕಲಿಸುವುದಿಲ್ಲ. ನಮ್ಮ ಪಟ್ಟಿಯಲ್ಲಿ ಅಂಕಕ್ಕಿಂತ ಟಿಪ್ಪಣಿ ಮುಖ್ಯ. ಒಳ್ಳೆಯ ಜಡ್ಜ್ ‘ಬೆಣ್ಣೆ ಇದೆ’ ಅಂತ ಬರೆದು ಸುಮ್ಮನಾಗಬಾರದು, ಹೇಗೆ ಸರಿ ಮಾಡಬಹುದು ಅಂತಲೂ ಬರೆಯಬೇಕು. ಸಂಪಿಗೆಯವರ ಮೊದಲ ಜಡ್ಜ್ ಅದನ್ನು ಬರೆದಿಲ್ಲ. ಅದು ನನಗೆ ಸರಿ ಕಾಣಲಿಲ್ಲ.

ಗುಟುಕಿನ ತೊಂದರೆಗೆ ನಾನು ಮಾಡುವ ಉಪಾಯ ಒಂದಿದೆ. ಬಿಟರ್ ಗುಂಪು ಬಂದರೆ ಮೊದಲು ಎಲ್ಲ ಲೋಟಗಳನ್ನೂ ಮೂಸಿ ಬರೆದುಕೊಂಡು ಪಕ್ಕಕ್ಕೆ ಇಡುತ್ತೇನೆ. ಬಾಟಲಿಗಳು ಫ್ರಿಜ್‌ನಿಂದ ಬಂದಿರುತ್ತವೆ, ತುಂಬ ತಣ್ಣಗೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಆಮೇಲೆ ಕುಡಿಯುತ್ತೇನೆ. ಕೊನೆಯಲ್ಲಿ ಮತ್ತೆ ಮೊದಲನೆಯದಕ್ಕೆ ವಾಪಸ್ ಬರುತ್ತೇನೆ. ಮೊದಲು ಸಪ್ಪೆ ಅನಿಸಿದ್ದು ಎಷ್ಟೋ ಸಲ ಕೊನೆಗೆ ಮೇಲೆ ಬಂದಿದೆ. ಬೆಣ್ಣೆಯೂ ಹಾಗೆ, ತಣ್ಣಗಿದ್ದಾಗ ಅಡಗಿರುತ್ತದೆ, ಬೆಚ್ಚಗಾದಂತೆ ಮೇಲೆ ಏಳುತ್ತದೆ. ಹಾಗಾಗಿ ಆ ಇಬ್ಬರು ಒಂದೇ ಬಾಟಲಿಯನ್ನು ಬೇರೆ ಬೇರೆ ತಂಪಿನಲ್ಲಿ ಕುಡಿದಿದ್ದರೂ ಆಶ್ಚರ್ಯವಿಲ್ಲ.

ತುಂಗಾತೀರ

ತುಂಬ ದಿನದಿಂದ ಓದುತ್ತಿದ್ದೇನೆ, ಇವತ್ತು ಬರೆಯುತ್ತಿದ್ದೇನೆ. ನಾನು ಸಸ್ಯಾಹಾರಿ. ರೆಡಿಂಗ್‌ನಲ್ಲಿದ್ದೇನೆ. ಬಿಟರ್ ಅನ್ನು ತಿಳಿ ಮಾಡಲು ಮೀನಿನದ್ದೇನೋ ಹಾಕುತ್ತಾರೆ ಅಂತ ಕೇಳಿದ ಮೇಲೆ ಬಿಟ್ಟುಬಿಟ್ಟೆ. ನಿಜವಾ?

ಹುಳಿಮಾವು_ಬ್ರೂವರ್

ನಿಜ. ಐಸಿಂಗ್ಲಾಸ್ ಅಂತ, ಮೀನಿನ ಗಾಳಿಚೀಲದಿಂದ ತೆಗೆಯುತ್ತಾರೆ. ಅದು ಯೀಸ್ಟ್‌ಗೆ ಅಂಟಿಕೊಂಡು ತಳಕ್ಕೆ ಎಳೆದುಕೊಂಡು ಹೋಗುತ್ತದೆ. ಕ್ಯಾಸ್ಕ್ ಬಿಟರ್‌ನಲ್ಲಿ ಇದು ಹಳೆಯ ಪದ್ಧತಿ, ಇವತ್ತಿಗೂ ತುಂಬ ಕಡೆ ಇದೆ. ಬಾಟಲಿಗಳಲ್ಲಿ ವೀಗನ್ ಗುರುತು ನೋಡಿ ತಗೊಳ್ಳಿ. ಪಬ್‌ನಲ್ಲಿ ‘ಅನ್‌ಫೈನ್ಡ್’ ಅಂತ ಬರೆದಿದ್ದರೆ ಅದನ್ನು ಹಾಕಿಲ್ಲ ಅಂತ ಅರ್ಥ, ಸ್ವಲ್ಪ ಮಬ್ಬಾಗಿರುತ್ತದೆ. ಕುದಿಯುವಾಗ ಹಾಕುವ ಐರಿಷ್ ಮಾಸ್ ಬೇರೆ, ಅದು ಕಡಲಪಾಚಿ, ತೊಂದರೆ ಇಲ್ಲ.

ಸಂಪಿಗೆ_ಲೀಡ್ಸ್

ತುಂಗಾತೀರ, ನಾನು ಹಾಕಿದ್ದು ಬರೀ ಐರಿಷ್ ಮಾಸ್. ನೋಟಕ್ಕೆ ಇಬ್ಬರೂ 3ಕ್ಕೆ 3 ಕೊಟ್ಟಿದ್ದಾರೆ. ಮೀನು ಬೇಕೇ ಬೇಕು ಅಂತೇನಿಲ್ಲ.

ತುಂಗಾತೀರ

ಥ್ಯಾಂಕ್ಸ್ ಅಕ್ಕ. ಹಾಗಾದರೆ ಕೇಳಿ ಕುಡಿಯುತ್ತೇನೆ.

ಕಾವೇರಿ_ಟು_ಥೇಮ್ಸ್

ಡಾಕ್ಟ್ರೇ, ನಿಮ್ಮ ಮಾತು ಕೇಳಿ ನಿನ್ನೆ ಲಂಡನ್‌ನಲ್ಲೇ ಲ್ಯಾಂಡ್‌ಲಾರ್ಡ್ ಹುಡುಕಿ ಕುಡಿದೆ. ಈ ಸಲ ತಂಪಾಗಿಯೇ ಇತ್ತು. ಆದರೆ ಮೇಲೆ ನೊರೆ ಇರಲೇ ಇಲ್ಲ, ಕಹಿ ಚುರುಕಾಗಿತ್ತು. ನೀವು ಹೇಳಿದ ಬಿಸ್ಕತ್ತು ಅರ್ಧ ಲೋಟ ಆದ ಮೇಲೆ ಬಂತು. ಪೂರ್ತಿ ಒಪ್ಪಿದೆ ಅನ್ನುವುದಿಲ್ಲ, ಆದರೆ ಲೋಟ ಖಾಲಿ ಆದದ್ದು ಗೊತ್ತಾಗಲಿಲ್ಲ.

ಕೀತ್ಲಿ_ಡಾಕ್ಟ್ರು

ಅಷ್ಟು ಸಾಕು ತಮ್ಮಾ. ನೊರೆ ಇಲ್ಲದ್ದು ಯಾಕೆಂದರೆ ದಕ್ಷಿಣದಲ್ಲಿ ಸ್ಪಾರ್ಕ್ಲರ್ ಹಾಕುವುದಿಲ್ಲ. ಕೈಪಂಪಿನ ಕೊಕ್ಕಿನ ತುದಿಗೆ ಸಣ್ಣ ಸಣ್ಣ ತೂತಿನ ಒಂದು ಮೂತಿ, ಅದೇ ಸ್ಪಾರ್ಕ್ಲರ್. ಬಿಯರ್ ಅದರ ಮೂಲಕ ನುಗ್ಗಿ ಬರುವಾಗ ಕೆನೆಯಂಥ ಬಿಗಿ ನೊರೆ ಬರುತ್ತದೆ. ಕಹಿ ಸ್ವಲ್ಪ ನೊರೆಗೆ ಹೋಗುತ್ತದೆ, ಗ್ಯಾಸೂ ಕಡಿಮೆಯಾಗುತ್ತದೆ, ಕುಡಿಯಲು ಮೆತ್ತಗೆ. ಯಾರ್ಕ್‌ಶೈರ್‌ನಲ್ಲಿ ಅದು ಇಲ್ಲದೆ ಕೊಟ್ಟರೆ ಜನ ಮುಖ ನೋಡುತ್ತಾರೆ. ಲಂಡನ್‌ನವರು ಅದು ಬಿಯರ್‌ನ ಘಮ ಕೊಲ್ಲುತ್ತದೆ ಅನ್ನುತ್ತಾರೆ. ನಾನು ಉತ್ತರದವನಾಗಿ ಬಿಟ್ಟಿದ್ದೇನೆ, ನನ್ನನ್ನು ಕೇಳಬೇಡ. ಆದರೆ ಅಂಕ ಕೊಡುವವರು ಗಮನಿಸಬೇಕು: ಅದೇ ಕ್ಯಾಸ್ಕ್, ಮೂತಿ ಇದ್ದರೆ ಒಂದು ಬಿಯರ್, ಇಲ್ಲದಿದ್ದರೆ ಇನ್ನೊಂದು.

ಸಂಪಿಗೆ_ಲೀಡ್ಸ್

ಪರೀಕ್ಷೆ ಮುಗಿಯಿತು. ಬರೆಯುತ್ತೇನೆ.

ಬ್ರೂವರ್ ಹೇಳಿದ ಹಾಗೆ ಎರಡು ಜಾರ್, ಒಂದಕ್ಕೆ ಬಿಸಿನೀರು. ಬಿಸಿ ಮಾಡದ ಜಾರ್ ಮೊದಲು ಮೂಸಿದೆ. ಮಾಲ್ಟ್, ಸ್ವಲ್ಪ ಕಿತ್ತಳೆ ಸಿಪ್ಪೆ. ಬೆಣ್ಣೆ ಇದೆಯೇನೋ, ಇಲ್ಲವೇನೋ. ಬಿಸಿ ಮಾಡಿದ್ದರ ಮುಚ್ಚಳ ತೆಗೆದ ಕೂಡಲೇ ಪಾಪ್‌ಕಾರ್ನ್! ಅನುಮಾನವೇ ಇಲ್ಲ. ಹಾಪ್ಸ್‌ನ ಘಮ ಅದರ ಹಿಂದೆ ಎಲ್ಲೋ ಹೋಗಿತ್ತು.

ಮೇಷ್ಟ್ರು ಹೇಳಿದ ಮೂರು ಲೋಟದ ಆಟವೂ ಆಡಿದೆವು. ಯಜಮಾನರು ತುಂಬಿದಾಗ ನಾನು ಪ್ರತಿ ಸಲ ಬೇರೆ ಲೋಟ ಸರಿಯಾಗಿ ಹಿಡಿದೆ. ನಾನು ತುಂಬಿದಾಗ ಅವರಿಗೆ ಬಂದದ್ದು ಬರೀ ಊಹೆ. ಕೊನೆಗೆ ಅವರು ‘ಮೂರೂ ಒಂದೇ, ನೀನು ಸುಮ್ನೆ ಆಟ ಆಡಿಸುತ್ತಿದ್ದೀಯ’ ಅಂತ ಎದ್ದು ಹೋದರು. ಅವರಿಗೆ ಈ ವಾಸನೆ ತಿಳಿಯುವುದೇ ಇಲ್ಲ ಅಂತ ಕಾಣುತ್ತದೆ. ಇಷ್ಟು ದಿನ ನನ್ನ ಬಿಯರ್‌ಗೆಲ್ಲ ಸರ್ಟಿಫಿಕೇಟ್ ಕೊಡುತ್ತಿದ್ದವರು ಇವರೇ.

ಕುಂದಾಪ್ರದ_ಮಾಣಿ

ಅವರನ್ನು ಮುಂದಿನ ಸ್ಪರ್ಧೆಗೆ ಜಡ್ಜ್ ಮಾಡಿ. 33 ಖಾಯಂ.

ಹುಳಿಮಾವು_ಬ್ರೂವರ್

ಚೆನ್ನಾಗಿ ಮಾಡಿದ್ದೀರಿ ಮೇಡಂ. ಅಂದರೆ ಬಾಟಲಿಯಲ್ಲಿ ಆ ಮೂಲ ಪದಾರ್ಥ ಉಳಿದಿದೆ. ಸ್ಪರ್ಧೆಗೆ ಹೋದ ಬಾಟಲಿ ದಾರಿಯಲ್ಲಿ, ಗೋಡೌನ್‌ನಲ್ಲಿ ಬೆಚ್ಚಗಿದ್ದರೆ ಅದರಲ್ಲಿ ಬೆಣ್ಣೆ ನಿಮ್ಮ ಮನೆಯ ಬಾಟಲಿಗಿಂತ ಮೇಲೆ ಬಂದಿರಬಹುದು. 28 ಕೊಟ್ಟವರ ಮೂಗು ಚುರುಕು. 33 ಕೊಟ್ಟವರ ಮೂಗು ನಿಮ್ಮ ಯಜಮಾನರ ಕಡೆಯದು ಇರಬಹುದು, ಅಥವಾ ಲೋಟ ಇನ್ನೂ ತಣ್ಣಗಿತ್ತು. ಟಾಫಿ ಅಂತ ಅವರು ಬರೆದದ್ದೂ ಸುಳ್ಳಲ್ಲ, 6% ಕ್ರಿಸ್ಟಲ್ ಹಾಕಿದ್ದೀರಲ್ಲ.

ಸರಿ ಮಾಡುವುದು ಸುಲಭ. ಗ್ರಾವಿಟಿ ಕೊನೆಯ ಅಂಕಿಗೆ ನಾಲ್ಕೈದು ಪಾಯಿಂಟ್ ಉಳಿದಾಗ, ಅಂದರೆ 1.016 ಹತ್ತಿರ, ಬಿಸಿ ಏರಿಸಿ. 21, 22 ಡಿಗ್ರಿಗೆ ಬರಲಿ. ತಳಕ್ಕೆ ಕೂತ ಯೀಸ್ಟ್ ಅನ್ನು ಪಾತ್ರೆ ಅಲ್ಲಾಡಿಸಿ ಮೆಲ್ಲಗೆ ಎಬ್ಬಿಸಿ, ಗಾಳಿ ಸೇರದ ಹಾಗೆ. ಎರಡು ಮೂರು ದಿನ ಬಿಡಿ. ತಿಳಿಯಾಯಿತು ಅಂತ ಬಾಟಲಿಗೆ ಹಾಕಬೇಡಿ. ಮತ್ತೆ ಇದೇ ಬಿಸಿನೀರಿನ ಪರೀಕ್ಷೆ ಮಾಡಿ, ಬಿಸಿ ಮಾಡಿದ ಜಾರ್‌ನಲ್ಲೂ ಬೆಣ್ಣೆ ಇಲ್ಲ ಅಂದ ಮೇಲೆ ಹಾಕಿ.

ನಿಮ್ಮ ಯಾರ್ಕ್‌ಶೈರ್‌ನವರು ಇದಕ್ಕೇ ಒಂದು ಪಾತ್ರೆ ಕಂಡುಹಿಡಿದಿದ್ದಾರೆ. ಯಾರ್ಕ್‌ಶೈರ್ ಸ್ಕ್ವೇರ್. ಎರಡು ಅಂತಸ್ತಿನ ಚೌಕ ತೊಟ್ಟಿ, ಕೆಳಗಿನ ಬಿಯರ್ ಅನ್ನು ಪಂಪ್ ಮಾಡಿ ಮೇಲೆ ತಂದು ಯೀಸ್ಟ್ ಮಲಗದ ಹಾಗೆ ಮಾಡುತ್ತಾರೆ. ಟ್ಯಾಡ್‌ಕಾಸ್ಟರ್‌ನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯಲ್ಲಿ ಇಂದಿಗೂ ಸ್ಲೇಟ್ ಕಲ್ಲಿನ ತೊಟ್ಟಿಗಳಿವೆ. ನಿಮಗೆ ಲೀಡ್ಸ್‌ನಿಂದ ಹತ್ತಿರವೇ.

ಅಂಕದ_ಮೇಷ್ಟ್ರು

ಒಂದು ವಿಷಯ ಎಲ್ಲರೂ ಬಿಟ್ಟಿದ್ದೀರಿ. ಬೆಣ್ಣೆಯೋ ಟಾಫಿಯೋ ಅಂತ ಇಬ್ಬರು ಜಡ್ಜ್‌ಗಳು ಜಗಳ ಆಡಿದರು, ಸರಿ. ಆದರೆ ಕೊನೆಯ ಬಗ್ಗೆ ಇಬ್ಬರೂ ಒಂದೇ ಮಾತು ಹೇಳಿದ್ದಾರೆ, ಮತ್ತೆ ಓದಿ. ‘ಸಿಹಿಯಾಗಿ ಉಳಿಯುತ್ತದೆ’ ಅಂದರು ಒಬ್ಬರು, ‘ಇನ್ನಷ್ಟು ಒಣಗಬೇಕಿತ್ತು’ ಅಂದರು ಇನ್ನೊಬ್ಬರು. ರುಚಿಗೆ ಇಬ್ಬರೂ ಅಂಕ ಕಡಿಮೆ ಮಾಡಿದ್ದು ಅಲ್ಲೇ. ಡಾಕ್ಟ್ರು ಹೇಳಿದ ‘ಬಾಯಿ ಒಣಗಿ ಇನ್ನೊಂದು ಗುಟುಕು’ ನಿಮ್ಮ ಬಿಯರ್‌ನಲ್ಲಿ ಆಗುತ್ತಿಲ್ಲ. ಬೆಣ್ಣೆ ತೆಗೆದರೂ ಅದು ಉಳಿಯುತ್ತದೆ. ನೀರಿಗೆ ಏನು ಹಾಕಿದ್ದಿರಿ?

ಸಂಪಿಗೆ_ಲೀಡ್ಸ್

ಏನೂ ಇಲ್ಲ. ನಮ್ಮ ನಲ್ಲಿ ನೀರು ಮೆದು. ಕ್ಲೋರಿನ್ ತೆಗೆಯಲು ಅರ್ಧ ಕ್ಯಾಂಪ್‌ಡೆನ್ ಮಾತ್ರೆ, ಅಷ್ಟೇ.

ಅಂಕದ_ಮೇಷ್ಟ್ರು

ಅಲ್ಲೇ ಇದೆ ನೋಡಿ. ಬಿಟರ್ ದೊಡ್ಡದಾಗಿ ಬೆಳೆದದ್ದು ಬರ್ಟನ್ ಆನ್ ಟ್ರೆಂಟ್‌ನಲ್ಲಿ. ಅಲ್ಲಿನ ಬಾವಿ ನೀರಿನಲ್ಲಿ ಜಿಪ್ಸಮ್ ತುಂಬಿದೆ, ಲೀಟರ್‌ಗೆ 600 ಮಿಲಿಗ್ರಾಂ ಆಸುಪಾಸು ಸಲ್ಫೇಟ್ ಅಂತ ಎಲ್ಲ ಪುಸ್ತಕಗಳಲ್ಲೂ ಬರೆದಿರುತ್ತದೆ. ಸಲ್ಫೇಟ್ ಕಹಿಯನ್ನು ಚುರುಕು ಮಾಡುತ್ತದೆ, ಕೊನೆಯನ್ನು ಒಣಗಿಸುತ್ತದೆ. ಹುದುಗುವಾಗ ತುಸು ಗಂಧಕದ ವಾಸನೆಯೂ ಬರುತ್ತದೆ, ಬರ್ಟನ್‌ನವರಿಗೆ ಅದು ಹೆಮ್ಮೆ. ನೀವು ಅಷ್ಟು ದೂರ ಹೋಗಬೇಡಿ. ಮೆದು ನೀರಿಗೆ ಜಿಪ್ಸಮ್ ಹಾಕಿ ಸಲ್ಫೇಟ್ 150ರಿಂದ 200 ಮಾಡಿ ಸಾಕು. 20 ಲೀಟರ್‌ಗೆ ಐದಾರು ಗ್ರಾಂ ಆಗುತ್ತದೆ. ಮ್ಯಾಶ್ (ಮಾಲ್ಟ್ ಅನ್ನು ಬಿಸಿನೀರಿನಲ್ಲಿ ನೆನೆಸುವುದು) 65 ಡಿಗ್ರಿಗೆ ಇಳಿಸಿದರೆ ಕೊನೆಯ ಗ್ರಾವಿಟಿಯೂ ಒಂದೆರಡು ಪಾಯಿಂಟ್ ಇಳಿಯುತ್ತದೆ. ಕ್ರಿಸ್ಟಲ್ 6ರಿಂದ 4ಕ್ಕೆ ಇಳಿಸಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ನಾನಾದರೆ ಇಳಿಸುವುದಿಲ್ಲ.

ಕೀತ್ಲಿ_ಡಾಕ್ಟ್ರು

ನಾನಾದರೆ ಇಳಿಸುತ್ತೇನೆ! ಲ್ಯಾಂಡ್‌ಲಾರ್ಡ್‌ನಲ್ಲಿ ಇರುವುದು ಗೋಲ್ಡನ್ ಪ್ರಾಮಿಸ್ ಮಾಲ್ಟ್‌ನದೇ ಆಟ. ಟಾಫಿ ಹೊಡೆಯುವ ಬಿಟರ್ ಎರಡನೇ ಪಿಂಟ್‌ಗೆ ಭಾರ.

ಅಂಕದ_ಮೇಷ್ಟ್ರು

ಲಂಡನ್‌ನ ಫುಲ್ಲರ್ಸ್ ಬ್ರೂವರಿಯ ಇಎಸ್‌ಬಿ (ಎಕ್ಸ್‌ಟ್ರಾ ಸ್ಪೆಷಲ್ ಬಿಟರ್) ಕುಡಿದು ಹಾಗೆ ಹೇಳಿ ನೋಡೋಣ ಡಾಕ್ಟ್ರೇ. 1971ರಲ್ಲಿ ಬಂತು, ಮೂರು ಸಲ ಅದೇ ನಿಮ್ಮ ಚಾಂಪಿಯನ್ ಪದವಿ ಗೆದ್ದಿದೆ. ಅದರ ಮಾಲ್ಟ್‌ಗೆ ಏನಂತೀರಿ?

ಕೀತ್ಲಿ_ಡಾಕ್ಟ್ರು

ಒಂದು ಪಿಂಟ್‌ಗೆ ಅದ್ಭುತ ಅಂತೀನಿ. ಎರಡನೆಯದು ಯಾರು ಕುಡಿದು ಮನೆಗೆ ನಡೆದು ಹೋಗಿದ್ದಾರೆ? 5.5% ಅದು.

ಸಂಪಿಗೆ_ಲೀಡ್ಸ್

ಸರಿ ಸರಿ. ಎರಡು ಸಣ್ಣ ಬ್ಯಾಚ್ ಮಾಡುತ್ತೇನೆ. ಒಂದರಲ್ಲಿ ಕ್ರಿಸ್ಟಲ್ 6%, ಇನ್ನೊಂದರಲ್ಲಿ 4%. ಎರಡಕ್ಕೂ ಜಿಪ್ಸಮ್, ಎರಡಕ್ಕೂ ಕೊನೆಗೆ 22 ಡಿಗ್ರಿ. ಹಾಪ್ಸ್, ಯೀಸ್ಟ್ ಏನೂ ಬದಲಾಯಿಸುವುದಿಲ್ಲ. ಡಾಕ್ಟ್ರೇ, ಕೀತ್ಲಿ ನಮ್ಮಿಂದ ರೈಲಿನಲ್ಲಿ ಹತ್ತಿರ, ಬಾಟಲಿ ತಂದುಕೊಡುತ್ತೇನೆ. ಯಾವುದು ಯಾವುದು ಅಂತ ಹೇಳುವುದಿಲ್ಲ.

ಕೀತ್ಲಿ_ಡಾಕ್ಟ್ರು

ಬನ್ನಿ ತಾಯೀ. ಯಜಮಾನರನ್ನೂ ಕರೆದುಕೊಂಡು ಬನ್ನಿ. ಒಂದು ಷರತ್ತು, ನಾಲ್ಕು ಗುಟುಕು ಕೊಟ್ಟು ಅಂಕ ಕೇಳಬೇಡಿ. ಪ್ರತಿಯೊಂದರದ್ದೂ ಒಂದು ಪಿಂಟ್ ಆಗುವಷ್ಟು ತನ್ನಿ, 12 ಡಿಗ್ರಿಯಲ್ಲಿ ಇಡುವುದು ನನ್ನ ಜವಾಬ್ದಾರಿ.

ಕುಂದಾಪ್ರದ_ಮಾಣಿ

ಶೆಫೀಲ್ಡ್‌ನಿಂದ ಕೀತ್ಲಿಗೆ ರೈಲು ಎಷ್ಟು ಹೊತ್ತಿಗೆ ಇದೆ ಅಂತ ನೋಡ್ತಾ ಇದ್ದೇನೆ. ಮೂಸಲಿಕ್ಕೆ ಒಬ್ಬ ಹೆಚ್ಚಿಗೆ ಇದ್ದರೆ ಒಳ್ಳೆಯದಲ್ವಾ?